ಬಣ್ಣದ ಹೊಟ್ಟು

ಜನವರಿ 29, ಬುಧವಾರ

ರೇಷ್ಮೆ ಹುಳದ ಲೆಕ್ಕದ ಪುಸ್ತಕದಲ್ಲಿ ಇನ್ನೂ ಮೂವತ್ತು ಹಾಳೆ ಖಾಲಿ ಉಳಿದಿವೆ. ಹುಳವೇ ಇಲ್ಲದ ಮೇಲೆ ಇದ್ಯಾಕೆ ಎಂದು ನನ್ನ ಗಂಡ ಒಲೆ ಹಚ್ಚಲು ತೆಗೆದುಕೊಂಡಿದ್ದ. ಕಿತ್ತುಕೊಂಡೆ. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ. ಇದು ನನ್ನ ಪುಸ್ತಕ, ಇಲ್ಲಿ ಬರೆಯುತ್ತೇನೆ. ಕೆಂಪರಾಜು. ಕೆಂಪರಾಜು. ನನ್ನನ್ನು ಒಂದು ಮಾತು ಕೇಳದೆ ಎರಡು ಎಕರೆ ಹಿಪ್ಪುನೇರಳೆ ಕೀಳಿಸಿದ ಕೆಂಪರಾಜು.

ಪಕ್ಕದ ಹೊಲದವರು ಟೊಮ್ಯಾಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ನಮ್ಮ ಸೊಪ್ಪಿನ ಮೇಲೆ ಕೂತು, ಮೂರು ಬೆಳೆ ಹುಳ ಸಾಲಾಗಿ ಸತ್ತವು, ನಿಜ. ಜಗಳ ಆಡಬೇಕಾದದ್ದು ಆ ಹೊಲದವರ ಹತ್ತಿರ. ಇವನು ಗಿಡದ ಹತ್ತಿರ ಆಡಿದ. ಈಗ ಅಲ್ಲಿ ಸೀಮೆಹುಲ್ಲು ಬೆಳೆದಿದೆ. ಆ ಕಡೆ ಮುಖ ಹಾಕಿ ನಾನು ನಡೆಯುವುದಿಲ್ಲ.

ಉಳಿದಿರುವುದು ಹುಳದ ಮನೆ ಒಂದೇ. ಇಪ್ಪತ್ತೊಂಬತ್ತು ವರ್ಷ ನಾನು ಗುಡಿಸಿ ತೊಳೆದು ಹುಳ ಸಾಕಿದ ಶೆಡ್ಡು. ಕೂಟಗಲ್ ಹೋಬಳಿಯ ರಾಧಾಮಣಿಯ ಗೂಡು ಎಂದರೆ ರಾಮನಗರದ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರುಗಳು ಹುಡುಕಿಕೊಂಡು ಬರುತ್ತಿದ್ದರು. ಅದನ್ನು ಈಗ ಭಾವ ಬಾಲರಾಜುಗೆ ಪೈಪು, ಸಿಮೆಂಟು ತುಂಬಲು ಬಿಟ್ಟುಕೊಡಬೇಕಂತೆ. ಭಾವ ಎಂದರೆ ಕೆಂಪರಾಜುವಿನ ಅಣ್ಣ, ಹಾರ್ಡ್‌ವೇರ್ ಅಂಗಡಿಯವನು. ನಾನು ಬಾಗಿಲಿಗೆ ಅಡ್ಡ ಕೂತುಬಿಟ್ಟೆ. ನಾಟಿ ಕೋಳಿಮರಿ ಸಾಕುತ್ತೇನೆ, ಶೆಡ್ಡು ಕೊಡುವುದಿಲ್ಲ ಎಂದೆ.

ಕೊನೆಗೆ ಕೆಂಪರಾಜು ಪಂಚಾಯಿತಿ ತೀರ್ಮಾನ ಮಾಡಿದವನ ಹಾಗೆ ಹೇಳಿದ. "ನೂರು ಮರಿ ಸಾಕ್ತೀನಿ ಅಂತೀಯಲ್ಲ, ಸಾಕು. ಯುಗಾದಿಗಂಟ ಉಳುಸ್ಕೊಂಡ್ರೆ ಶೆಡ್ಡು ನಿಂದು. ನಿನ್ ಕೈಲಿ ಸತ್ರೆ ಅಣ್ಣಂದು. ಆಮೇಲೆ ಬಾಗ್ಲಲ್ಲಿ ಕೂರಂಗಿಲ್ಲ."

ಆಗಲಿ ಎಂದೆ. ನನ್ನ ಕೈ ಎಂಥದೆಂದು ಇವರಿಗೆ ತೋರಿಸದಿದ್ದರೆ ನಾನು ರಾಧಾಮಣಿಯೇ ಅಲ್ಲ.

ಜನವರಿ 31, ಶುಕ್ರವಾರ

ನಿನ್ನೆ ಇಡೀ ದಿನ ಶೆಡ್ಡು ತೊಳೆದೆ. ಬ್ಲೀಚಿಂಗ್ ನೀರು ಹೊಡೆದು, ಗೋಡೆಗೆ ಸುಣ್ಣ ಬಳಿದು, ಕಿಟಕಿಗಳಿಗೆಲ್ಲ ದಪ್ಪ ಪರದೆ ಕಟ್ಟಿದೆ. ಒಂದು ಇರುವೆ ಒಳಗೆ ಬರಲಿ ನೋಡೋಣ.

ಇವತ್ತು ಹಾಸಿಗೆಯ ಚಿಂತೆ. ಮಿಲ್ಲಿನಲ್ಲಿ ಭತ್ತದ ಹೊಟ್ಟು ಇತ್ತು, ಮೂಸಿದರೆ ಮುಗ್ಗಲು. ಮುಗ್ಗಲು ಹಿಡಿದದ್ದು ಮರಿಯ ಎದೆಗೆ ಕೂರುತ್ತದೆ ಎಂದು ಮರಿ ಮಾರುವವನೇ ಎಚ್ಚರಿಸಿದ್ದ. ಸಾಮಿಲ್ಲಿನ ಪುಡಿ ಹಿಟ್ಟಿನಷ್ಟು ನಯ. ಮೇವೆಂದು ತಿಂದರೆ ಹೊಟ್ಟೆಯಲ್ಲಿ ಗಂಟು ಕಟ್ಟುತ್ತದೆ, ಅದೂ ಅಲ್ಲದೆ ಆ ಮರಕ್ಕೆ ಗೆದ್ದಲು ಹತ್ತದಿರಲೆಂದು ಏನು ಬಳಿದಿದ್ದರೋ. ಹಳೇ ಪೇಪರ್ ಹಾಸಿದರೆ ಮರಿ ಜಾರಿ ಕಾಲು ಅಗಲಿಸಿಕೊಂಡು ಕುಂಟಾಗುತ್ತವೆ. ಒಂದೊಂದಕ್ಕೂ ಒಂದೊಂದು ಕೊಕ್ಕೆ. ಕೊನೆಗೆ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಬೊಂಬೆ ಕಡೆಯುವ ಗಫಾರ್ ಎನ್ನುವ ಸಾಬರ ಕಾರ್ಖಾನೆಯಲ್ಲಿ ಮರದ ಹೊಟ್ಟು ರಾಶಿ ಬಿದ್ದಿರುತ್ತದೆ ಎಂದು ನಮ್ಮ ಮಹಿಳಾ ಸಂಘದ ಭಾನುಪ್ರಿಯ ಹೇಳಿದ್ದಳು.

ಸಾಬ ಅರವತ್ತು ದಾಟಿದ ಮನುಷ್ಯ. ಮಾತಿಗೆ ಬಡತನ. ಕೇಳಿದ್ದಕ್ಕೆ "ಬೊಂಬೆ ಕಡೆಯೋ ಆಲೆಮರ ಕಣಮ್ಮ, ಏನೂ ಹಚ್ಚಿಲ್ಲ" ಎಂದವನು ಜರಡಿ ತೆಗೆದುಕೊಂಡು ಕೂತ. ನಯವಾದ ಪುಡಿಯೆಲ್ಲ ಕೆಳಗೆ ಉದುರಿಸಿ, ಸುರುಳಿ ಸುರುಳಿ ಹೊಟ್ಟನ್ನು ಮಾತ್ರ ಚೀಲಕ್ಕೆ ತುಂಬಿದ. ಒಂದು ಚೀಲಕ್ಕೆ ಅರ್ಧ ಗಂಟೆ. ಇವನ ನಿಧಾನಕ್ಕೆ ನನ್ನ ಒಂದೂವರೆ ಗಂಟೆಯ ಬಸ್ಸು ತಪ್ಪಿತು.

ಅವನ ಮಗಳು ಜಾರಾ ಲೇತಿನಲ್ಲಿ ತಿರುಗುವ ಬುಗುರಿಗೆ ಕೆಂಪು ಅರಗು ಹಚ್ಚುತ್ತಿದ್ದಳು. ಅಂಗಳದಲ್ಲಿ ಅವಳ ಕೋಳಿಗಳು, ಮರಿ ಸಮೇತ, ಗೇಣುದ್ದ ಹೊಟ್ಟಿನಲ್ಲಿ ಕೆದಕಿಕೊಂಡಿದ್ದವು. ಎಷ್ಟು ದಿನದ ಹಾಸಿಗೆ ಇದು ಎಂದು ಕೇಳಿದೆ. ಎರಡು ತಿಂಗಳದು ಎಂದಳು. ನನಗೆ ಹೇಸಿಗೆಯಾಯಿತು. ನಾನು ಹುಳಕ್ಕೆ ದಿನ ಬಿಟ್ಟು ದಿನ ಹಾಸಿಗೆ ತೆಗೆದವಳು.

"ದಿನಾ ಒಸಿ ಕೆದಕಿ ಕೊಡಿ, ಗಾಳಿ ಬಿಡಿ, ನೆಂದಿದ್ದು ತೆಗ್ದ್ ಎಸೀರಿ. ಅಷ್ಟೇ. ಬೇರೆ ಏನೂ ಹಾಕ್ಬೇಡಿ" ಎಂದಳು ಜಾರಾ.

ಮೂವತ್ತರ ಹೆಂಗಸು ಐವತ್ತೈದರವಳಿಗೆ ಹಾಸಿಗೆಯ ಪಾಠ ಹೇಳಿದಳು. ಹೂಂ ಎಂದು ಚೀಲ ಹೊತ್ತು ಬಂದೆ.

ಫೆಬ್ರವರಿ 1, ಶನಿವಾರ

ಮರಿ ಬಂದವು. ಒಂದು ದಿನದವು. ಬಲ್ಬಿನ ಕೆಳಗೆ ಬಿಟ್ಟೆ. ಮೂರು ಬೆರಳು ದಪ್ಪ ಹಾಸಿಗೆ. ಹೊಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಹಳದಿ, ಕೆಂಪು ಚೂರು ಸೇರಿಕೊಂಡಿವೆ. ಜರಡಿ ಹಿಡಿದು ಇದೇನಾ ಮಾಡಿದ್ದು?

ಉಷ್ಣ 33. ತೇವ 70. ಮರಿ ನೂರು.

ಫೆಬ್ರವರಿ 4, ಮಂಗಳವಾರ

ಎಲ್ಲವೂ ಗಟ್ಟಿಯಾಗಿವೆ. ಬೆಳಿಗ್ಗೆ ಭಾವ ಬಾಗಿಲಲ್ಲಿ ಇಣುಕಿ, "ಏನಮ್ಮ, ರೇಷ್ಮೆ ಕೋಳಿನಾ?" ಎಂದು ನಕ್ಕು ಹೋದ. ನಗಲಿ.

ನೀರಿನ ಡಬ್ಬಿಯ ಸುತ್ತ ಹಾಸಿಗೆ ನೆಂದು ಹಿಕ್ಕೆ ಅಂಟಿಕೊಂಡಿತ್ತು. ಹುಳ ಪೊರೆ ಬಿಟ್ಟು ಎದ್ದಾಗಲೆಲ್ಲ ಹಾಸಿಗೆಗೆ ಉದುರಿಸುತ್ತಿದ್ದ ಪುಡಿ ಅರ್ಧ ಡ್ರಮ್ಮು ಉಳಿದಿದೆ, ಸುಣ್ಣಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿದ್ದು. ಬಟ್ಟೆಯಲ್ಲಿ ಕಟ್ಟಿ ಸಣ್ಣಗೆ ಉದುರಿಸಿದೆ. ಹಾಸಿಗೆ ಬೆಳ್ಳಗಾಯಿತು. ನೋಡಿದರೆ ಕಣ್ಣಿಗೆ ತಂಪು. ಎರಡು ತಿಂಗಳ ಕೊಳಕಿನಲ್ಲಿ ಕೋಳಿ ಸಾಕುವವರು ಬಂದು ನೋಡಲಿ.

ಉಷ್ಣ 32. ತೇವ 72. ಮರಿ ನೂರು.

ಫೆಬ್ರವರಿ 7, ಶುಕ್ರವಾರ

ಆರು ಸತ್ತಿವೆ.

ಬೆಳಿಗ್ಗೆ ಬಾಗಿಲು ತೆಗೆದರೆ ಗೋಡೆಯ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಉಳಿದವು ಕಣ್ಣು ಅರ್ಧ ಮುಚ್ಚಿ, ಬಾಯಿ ತೆರೆದು ಉಸಿರಾಡುತ್ತಿವೆ. ಬಲ್ಬು ಸರಿ ಇದೆ. ಮೇವು ಸರಿ ಇದೆ. ನೀರು ಕಾಯಿಸಿ ಆರಿಸಿದ್ದು. ತಣ್ಣನೆ ಗಾಳಿ ತಗಲಿರಬೇಕೆಂದು ಪರದೆಯ ಸಂದಿಗೆಲ್ಲ ಗೋಣಿ ತುರುಕಿದೆ. ರೋಗ ಹರಡದಿರಲೆಂದು ಪುಡಿ ಇನ್ನೊಂದು ಸುತ್ತು ಉದುರಿಸಿದೆ.

ಕೆಂಪರಾಜುಗೆ ಹೇಳಿಲ್ಲ. ಸತ್ತವನ್ನು ತಿಪ್ಪೆಯಲ್ಲಿ ಹೂತೆ. ಮರಿ ತೊಂಬತ್ತನಾಲ್ಕು.

ಫೆಬ್ರವರಿ 9, ಭಾನುವಾರ

ಎಪ್ಪತ್ತೊಂದು.

ಒಂದು ಸತ್ತ ಮರಿಯ ಕೊಕ್ಕಿನಲ್ಲಿ ಕೆಂಪು ಚೂರು ಸಿಕ್ಕಿಕೊಂಡಿತ್ತು. ಬೆರಳುಗುರಿನಷ್ಟು, ಹೊಳೆಯುವ ಅರಗಿನ ಚೂರು. ಕೈಯಲ್ಲಿ ಹಿಡಿದುಕೊಂಡು ನೋಡಿದೆ. ಎಲ್ಲ ಗೊತ್ತಾಯಿತು.

ಬಣ್ಣ. ಬಣ್ಣದ ಹೊಟ್ಟು ಕೊಟ್ಟಿದ್ದಾನೆ. ಜರಡಿ ಹಿಡಿದ ನಾಟಕ ಆಡಿ, ನನ್ನ ಬಸ್ಸು ತಪ್ಪಿಸಿ, ವಿಷ ಕಟ್ಟಿ ಕಳಿಸಿದ್ದಾನೆ. ಮೈಯೆಲ್ಲ ಉರಿಯುತ್ತಿದೆ.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಸತ್ತ ಮರಿಗಳನ್ನು ಬಣ್ಣದ ಚೂರಿನ ಜೊತೆ ಸಾಲಾಗಿ ಇಟ್ಟು ಫೋಟೊ ತೆಗೆದು ಸಂಘದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. "ಚನ್ನಪಟ್ಟಣದ ಗಫಾರ್ ಸಾಬರ ಬೊಂಬೆ ಕಾರ್ಖಾನೆಯ ಹೊಟ್ಟು ಯಾರೂ ತರಬೇಡಿ. ಬಣ್ಣ ವಿಷ. ನನ್ನ ಮರಿ ಸತ್ತವು." ಭಾನುಪ್ರಿಯ ಅಳುವ ಮುಖ ಹತ್ತು ಹಾಕಿದಳು. ಆಮೇಲೆ ಮೂರು ಸತ್ತ ಮರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಕಾರ್ಖಾನೆಯ ಮುಂದೆ ಬೆಂಗಳೂರಿನವರ ಕಾರು ನಿಂತಿತ್ತು. ಗಂಡ, ಹೆಂಡತಿ, ಕೈಮಗು, ಬೊಂಬೆ ನೋಡುತ್ತಿದ್ದರು. ನಾನು ಅವರ ಮುಂದೆಯೇ ಕವರನ್ನು ಮೇಜಿನ ಮೇಲೆ ಸುರಿದೆ.

"ನೋಡಿ, ಇವರ ಬಣ್ಣ ತಿಂದು ಸತ್ತಿದ್ದು ಇವು. ಮಗೀನ್ ಬಾಯಿಗೆ ಕೊಟ್ಟೀರ, ಹುಸಾರು!"

ಆ ತಾಯಿ ಮಗುವಿನ ಕೈಯಿಂದ ಗಿಲಕಿ ಕಿತ್ತು ಕೆಳಗಿಟ್ಟಳು. ಕಾರು ಹೊರಟು ಹೋಯಿತು. ಜಾರಾ ಲೇತು ನಿಲ್ಲಿಸಿ ಎದ್ದು ಬಂದಳು. "ನಮ್ ಕೋಳಿ ಅದೇ ಹೊಟ್ಟಲ್ಲೇ ಇಲ್ವಾ? ಕಣ್ ಕಾಣಲ್ವಾ ನಿಮ್ಗೆ?" ಎಂದು ಕಿರುಚಿದಳು. ನಾನೂ ಕಿರುಚಿದೆ. ಆ ಮುದುಕ ಮಾತ್ರ ಒಂದು ಸತ್ತ ಮರಿಯನ್ನು ಕೈಗೆತ್ತಿಕೊಂಡು, ಅದರ ಕಣ್ಣು ಬಿಡಿಸಿ ನೋಡಿ, "ಡಾಕ್ಟ್ರಿಗೆ ತೋರ್ಸಿದ್ರಾ ಅಮ್ಮ?" ಎಂದ. ಮಾಡುವುದನ್ನು ಮಾಡಿ ಡಾಕ್ಟರಂತೆ.

ಸಂಜೆ ಕೆಂಪರಾಜುಗೆ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಒಸಿ ಯೋಚಿಸಿ, "ಹೊಟ್ಟಲ್ಲಿ ವಿಸ ಇದ್ರೆ ನಿನ್ ತಪ್ಪು ಹೆಂಗಾಯ್ತದೆ? ಇನ್ನೊಂದ್ ದಪ ಮರಿ ತಕ್ಕೊ. ಆಟ ಮೊದ್ಲಿಂದ" ಎಂದ. ಅಲ್ಲೇ ಕೂತಿದ್ದ ಭಾವನ ಮುಖ ಹುಳಿ ತಿಂದ ಹಾಗಾಯಿತು. ಶೆಡ್ಡು ಉಳಿಯಿತು. ತುಂಬಾ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮರಿ ಐವತ್ತೊಂಬತ್ತು.

ಫೆಬ್ರವರಿ 11, ಮಂಗಳವಾರ

ಡಾಕ್ಟರ್ ಹೆಸರು ಹೇಳಿ ನನ್ನನ್ನು ಹೆದರಿಸಬಹುದೆಂದು ಆ ಸಾಬ ತಿಳಿದಿದ್ದರೆ ಕಾಗದದಲ್ಲೇ ಬರೆಸಿಕೊಂಡು ಹೋಗಿ ಮುಖಕ್ಕೆ ಹಿಡಿಯೋಣ ಎಂದು ಪಶು ಆಸ್ಪತ್ರೆಗೆ ಎರಡು ಮರಿ ಒಯ್ದೆ. ಡಾಕ್ಟರ್ ಸುಮನಾ ಎಂಬವಳು. ಸತ್ತ ಮರಿಯನ್ನು ಕತ್ತರಿಯಲ್ಲಿ ಸೀಳಿ ಹೊಟ್ಟೆ ಬಿಡಿಸಿ ತೋರಿಸಿದಳು. ಮೇವು ಇತ್ತು. ಬಣ್ಣದ ಚೂರು ಒಂದೂ ಇರಲಿಲ್ಲ. ಶ್ವಾಸದ ನಾಳ ಮಾತ್ರ ಕೆಂಪಗೆ ಬೆಂದ ಹಾಗಿತ್ತು.

"ಹಾಸಿಗೆಗೆ ಏನ್ ಉದುರುಸ್ತಿದ್ದೀರ?" ಎಂದಳು.

ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು.

"ಬರೀ ಸುಣ್ಣ ಒಂದ್ ಥರ. ಇದ್ರಲ್ಲಿ ಬ್ಲೀಚಿಂಗ್ ಐತಲ್ಲಮ್ಮ. ನೆಂದ ಹಿಕ್ಕೆ ಮೇಲೆ ಅದು ಬಿದ್ರೆ ಗಾಳಿನೇ ವಿಷ ಆಗುತ್ತೆ. ಮೇಲೆ ಬಲ್ಬಿನ ಕಾವು. ಕಿಟಕಿ ಬೇರೆ ಮುಚ್ಚಿದ್ದೀರ."

"ನಂಗೇನೂ ವಾಸ್ನೆ ಬರಲ್ವಲ್ಲ?"

"ನಿಮ್ ಮೂಗು ಐದಡಿ ಮೇಲೈತೆ. ಮರಿ ಮೂಗು ಒಂದಿಂಚು ಮೇಲೈತೆ. ಬಗ್ಗಿ ನೋಡಿ ಒಂದ್ಸಲ."

ನಿನ್ನೆ ಮೊನ್ನೆ ಕಾಲೇಜು ಬಿಟ್ಟವಳು. ಇಪ್ಪತ್ತೊಂಬತ್ತು ವರ್ಷ ಆ ಪುಡಿ ನನ್ನ ಹುಳ ಕಾದಿದೆ. ನಾನು ಕಾಗದವನ್ನೂ ಕೇಳದೆ ಎದ್ದು ಬಂದೆ. ಮರಿ ನಲವತ್ತಾರು.

ಫೆಬ್ರವರಿ 12, ಬುಧವಾರ

ಡಾಕ್ಟರಮ್ಮನದು ಸುಳ್ಳೆಂದು ತೋರಿಸಲೇಬೇಕಿತ್ತು. ಮಧ್ಯಾಹ್ನ ಯಾರೂ ಇಲ್ಲದಾಗ ಶೆಡ್ಡಿನ ಬಾಗಿಲು ಹಾಕಿ, ಸೆರಗು ಸಿಕ್ಕಿಸಿ, ಬಲ್ಬಿನ ಕೆಳಗೆ ಹಾಸಿಗೆಯ ಮೇಲೆ ಬೋರಲು ಮಲಗಿದೆ. ಕೆನ್ನೆ ಹೊಟ್ಟಿಗೆ ತಾಗಿಸಿ ಉಸಿರು ಎಳೆದೆ.

ಮೂರು ಉಸಿರಿಗೆ ಎದ್ದೆ. ಗಂಟಲಿಗೆ ಮುಳ್ಳು ಹಾಕಿ ಎಳೆದ ಹಾಗೆ. ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡೆ. ಕಣ್ಣಲ್ಲಿ ಧಾರಾಕಾರ ನೀರು. ಸುತ್ತ ಮರಿಗಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ಅವಕ್ಕೆ ಎದ್ದು ನಿಲ್ಲಲು ಐದಡಿ ಇಲ್ಲ.

ಪರದೆ ಎಲ್ಲ ಕಿತ್ತೆ. ಮೇಲಿನ ಹಾಸಿಗೆ ಬಾಚಿ ಹೊರಗೆ ಸುರಿದೆ. ಮಿಕ್ಕಿದ್ದ ಚೀಲದ ಹೊಟ್ಟನ್ನೇ ಹಾಸಿದೆ, ಬೇರೆ ಯಾವುದೂ ಇರಲಿಲ್ಲ. ಪುಡಿ ಉದುರಿಸಲಿಲ್ಲ. ಇದರಿಂದ ಏನೂ ಸಾಬೀತಾಗುವುದಿಲ್ಲ. ನಾಳೆಯೂ ಸಾಯುತ್ತವೆ, ಆಗ ಡಾಕ್ಟರಮ್ಮನಿಗೆ ಹೋಗಿ ಹೇಳುತ್ತೇನೆ.

ಫೆಬ್ರವರಿ 13, ಗುರುವಾರ

ನಲವತ್ತೊಂದು. ಸತ್ತವು ಮೊದಲೇ ಸೊರಗಿದ್ದವು.

ಫೆಬ್ರವರಿ 14, ಶುಕ್ರವಾರ

ನಲವತ್ತೊಂದು.

ಫೆಬ್ರವರಿ 17, ಸೋಮವಾರ

ನಲವತ್ತೊಂದು. ಒಂದು ಕಪ್ಪು ಮರಿ ನನ್ನ ಕಾಲುಂಗುರ ಕುಕ್ಕುತ್ತದೆ. ಬಣ್ಣದ ಚೂರನ್ನೂ ಕುಕ್ಕುತ್ತದೆ, ಕುಕ್ಕಿ ಉಗುಳುತ್ತದೆ. ಒಂದು ಗಂಟೆ ಕೂತು ನೋಡಿದೆ. ಒಂದು ಸಲವೂ ನುಂಗಲಿಲ್ಲ.

ಡ್ರಮ್ಮನ್ನು ಶೆಡ್ಡಿನಿಂದ ಹೊರಗಿಟ್ಟೆ. ಒಳಗೆ ಜಾಗ ಕಡಿಮೆ ಎಂದು, ಅಷ್ಟೆ.

ಕೆಂಪರಾಜು ಹೊಸ ಮರಿ ಯಾವಾಗ ತರುವುದು ಎಂದು ಕೇಳಿದ. ಇರಲಿ ಎಂದೆ. ಬೇರೆ ಹೊಟ್ಟು ನೋಡಿದೆಯಾ ಎಂದ. ಯಾಕೋ ಅವನ ಮೇಲೆ ರೇಗಿಬಿಟ್ಟೆ.

ಫೆಬ್ರವರಿ 19, ಬುಧವಾರ

ಮಾಗಡಿ ಕಡೆ ಕಲ್ಯದಲ್ಲಿರುವ ನನ್ನ ಅಕ್ಕ ಕಾವೇರಮ್ಮ ಫೋನು ಮಾಡಿದಳು. "ಏ ರಾಧೆ, ಗ್ರೂಪಲ್ಲಿ ಒಂದ್ ಬಂದೈತೆ, ಹುಸಾರು ಕಣೆ, ಚನ್ನಪಟ್ಟಣದ ಬೊಂಬೆ ಮನೇಲಿ ಇಟ್ಕೋಬ್ಯಾಡ" ಎಂದಳು. ಕಳಿಸು ಎಂದೆ.

ನನ್ನ ಫೋಟೊ. ನನ್ನ ಸತ್ತ ಮರಿಗಳು. ಹಿಂದೆ ನನ್ನ ಹಸಿರು ಬಕೆಟ್ಟು ಕೂಡ ಕಾಣುತ್ತದೆ. ಕೆಳಗೆ ನಾನು ಬರೆಯದ ಮಾತು. ಗಫಾರ್ ಹೆಸರು, ಕಾರ್ಖಾನೆಯ ಬೀದಿ. ಬೊಂಬೆಯ ಬಣ್ಣದಲ್ಲಿ ವಿಷ ಬೆರೆಸುತ್ತಾರಂತೆ. ಬೇಕೆಂದೇ ಬೆರೆಸುತ್ತಾರಂತೆ. ಆ ಜನವೇ ಹಾಗಂತೆ. ಹಳ್ಳಿಯವರ ಕೋಳಿ ಆಯಿತು, ಮುಂದೆ ನಮ್ಮ ಮಕ್ಕಳಂತೆ. ಹತ್ತು ಜನಕ್ಕೆ ಕಳಿಸಿ ಎಂದು ಕೊನೆಗೆ.

ನಾನು ಎಲ್ಲಿ ಹಾಗೆ ಬರೆದೆ? ಯಾವನು ಬರೆದ? ನಾನು ಹೊಟ್ಟಿನ ಮಾತು ಹೇಳಿದರೆ ಇವರು ಜನದ ಮಾತಿಗೆ ಹೋಗಿದ್ದಾರೆ! ಭಾನುಪ್ರಿಯಳ ಮನೆಗೆ ಹೋಗಿ ಯಾರಿಗೆ ಕಳಿಸಿದೆ ಎಂದು ಕೂಗಾಡಿದೆ. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲೂ ಇಲ್ಲ. "ಅಕ್ಕಾ, ಮೊದ್ಲು ವಿಸ ಅಂದೋರು ನೀವು. ನಾನ್ ಬರೀ ಮುಂದಕ್ ತಳ್ಳಿದ್ದು" ಎಂದಳು.

ಅವಳ ಮೇಲೆ ಕೋಪ. ಆ ಬರೆದವನ ಮೇಲೆ ಕೋಪ. ಇನ್ನೂ ಒಬ್ಬರ ಮೇಲೆ ಇದೆ.

ಫೆಬ್ರವರಿ 22, ಶನಿವಾರ

ಚನ್ನಪಟ್ಟಣಕ್ಕೆ ಹೋದೆ. ಕಾರ್ಖಾನೆಯ ಅರ್ಧ ಬಾಗಿಲು ಎಳೆದಿತ್ತು. ಒಳಗೆ ಲೇತು ನಿಂತಿತ್ತು. ಗೋಡೆಗೆ ಒತ್ತಿ ಡಬ್ಬಗಳು, ತುಂಬ ಬೊಂಬೆ, ಹೈವೇ ಅಂಗಡಿಗಳವರು ವಾಪಸ್ಸು ಕಳಿಸಿದ್ದು. ಹೊರಗಿನ ಗೋಡೆಯ ಮೇಲೆ ಯಾರೋ ಸಗಣಿ ಎರಚಿದ್ದರು. ತೊಳೆದರೂ ಹಸಿರು ಗೆರೆ ಉಳಿದಿತ್ತು.

ಜಾರಾ ನನ್ನನ್ನು ನೋಡಿದವಳೇ ಪೊರಕೆ ಹಿಡಿದು ಬಾಗಿಲಿಗೆ ಬಂದಳು. "ಇನ್ನೇನ್ ಬಾಕಿ ಐತೆ? ಇವತ್ತೇನ್ ತಂದ್ರಿ ಕವರಲ್ಲಿ?"

ನಾನು ಪುಡಿಯ ಮಾತು ಹೇಳಿದೆ. ಡಾಕ್ಟರ್ ಹೇಳಿದ್ದು, ನಾನು ಬೋರಲು ಮಲಗಿದ್ದು, ಎಲ್ಲ. ಇಷ್ಟು ವರ್ಷದಲ್ಲಿ ತಪ್ಪಾಯಿತು ಎಂಬ ಮಾತನ್ನು ನಾನು ಯಾರಿಗೂ ಹೇಳಿದ ನೆನಪಿಲ್ಲ. ನಾಲಿಗೆಗೆ ಅಭ್ಯಾಸವಿಲ್ಲದೆ ಅದು ಎರಡು ಸಲ ತೊದಲಿತು.

"ಅವತ್ತೇ ಹೇಳಿದ್ನಲ್ಲ, ಬೇರೆ ಏನೂ ಹಾಕ್ಬೇಡಿ ಅಂತ" ಎಂದಳು ಜಾರಾ.

"ಹೂಂ, ನೀನ್ ಹೇಳಿದ್ದೆ."

"ಇಲ್ ಬಂದು ನಮ್ ಮುಂದೆ ಹೇಳೋದು ಸುಲಭ. ನೀವ್ ಕೂಗಿದ್ದು ಊರ್ ಮುಂದೆ."

ಗಫಾರ್ ಸಾಬರು ಒಳಗಿನಿಂದ ಸ್ಟೂಲು ತಂದಿಟ್ಟರು. ನನಗೆ ಕೂರಲು ಮನಸ್ಸಾಗಲಿಲ್ಲ. "ಎಷ್ಟ್ ಉಳಿದ್ವಮ್ಮ?" ಎಂದು ಕೇಳಿದರು. ನಲವತ್ತೊಂದು ಎಂದೆ. ತಲೆಯಾಡಿಸಿದರು. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಆ ಮನುಷ್ಯ ಮರಿ ಎಷ್ಟು ಉಳಿದವು ಎಂದು ಕೇಳಿದರು.

ಫೆಬ್ರವರಿ 25, ಮಂಗಳವಾರ

ಊರ ಮುಂದೆ ಹೇಳಿದರೆ ಶೆಡ್ಡು ಹೋಗುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಹೊಟ್ಟಿನ ತಪ್ಪಾದರೆ ಆಟ ಮೊದಲಿಂದ, ನನ್ನ ತಪ್ಪಾದರೆ ಭಾವನಿಗೆ ಬೀಗದ ಕೈ. ಕೆಂಪರಾಜು ಮಾತಿಗೆ ತಪ್ಪುವವನಲ್ಲ, ಅದೊಂದು ದರಿದ್ರ ಗುಣ ಅವನಲ್ಲಿ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರಮ್ಮ ಊರಿಗೆ ಬರುವವಳಲ್ಲ. ಇಪ್ಪತ್ತೊಂಬತ್ತು ವರ್ಷದ ಶೆಡ್ಡು. ಸಾಬರಿಗೇನು, ನಾಲ್ಕು ದಿನ ಹೋದರೆ ಜನ ಮರೆಯುತ್ತಾರೆ.

ಇದನ್ನು ಬರೆದ ಕೈಗೆ ಎರಡು ಹೊಡೆಯಬೇಕು ಅನ್ನಿಸುತ್ತಿದೆ.

ಮಾರ್ಚ್ 3, ಸೋಮವಾರ

ತಿಂಗಳ ಮೊದಲ ಸೋಮವಾರ ನಮ್ಮ ಸಂಘದ ಸಭೆ, ಡೇರಿಯ ಕಟ್ಟೆಯ ಮೇಲೆ. ಹಾಲು ಹಾಕುವ ಹೊತ್ತಾದ್ದರಿಂದ ಗಂಡಸರೂ ಕ್ಯಾನು ಹಿಡಿದು ಸಾಲಾಗಿ ನಿಂತಿರುತ್ತಾರೆ. ಕೆಂಪರಾಜು ಇದ್ದ. ಭಾವನೂ ಇದ್ದ.

ಗೂಡು ಒಯ್ಯುತ್ತಿದ್ದ ಬಿದಿರು ಬುಟ್ಟಿಗೆ ಅದೇ ಹೊಟ್ಟು ಹಾಸಿ, ಹತ್ತು ಮರಿ ಬಿಟ್ಟು, ಹೊತ್ತುಕೊಂಡು ಹೋಗಿ ಕಟ್ಟೆಯ ನಡುವೆ ಇಟ್ಟೆ. ಕಪ್ಪು ಮರಿ ಎಲ್ಲರ ಮುಂದೆ ಒಂದು ಕೆಂಪು ಚೂರು ಕುಕ್ಕಿ ಉಗುಳಿತು. ಸಭೆಯ ಪುಸ್ತಕ ತೆರೆಯುವ ಮೊದಲೇ ನಾನು ಎದ್ದು ನಿಂತೆ.

"ಇದು ಗಫಾರ್ ಸಾಬರ ಹೊಟ್ಟು. ಇದ್ರ ಮೇಲೆ ಮರಿ ತಿಂಗ್ಳಿಂದ ಬೆಳೀತಾ ಅವೆ. ನೋಡ್ಕಳಿ. ಸತ್ತೋವು ಹೊಟ್ಟಿಂದಲ್ಲ. ನಾನ್ ಹುಳುಕ್ ಹಾಕೋ ಪುಡಿ ಉದುರ್ಸಿ, ಕಿಟ್ಕಿ ಮುಚ್ಚಿ, ನನ್ ಕೈಯಾರೆ ಸಾಯ್ಸಿದ್ದು. ನನ್ ತಪ್ಪ ಆ ಮನ್ಸನ್ ತಲೆಗ್ ಕಟ್ದೆ."

ಹಿಂದಿನಿಂದ ಒಬ್ಬಳು, "ಏನೋ ಅಕ್ಕ, ಆ ಜನದ್ದು ಹೇಳಕ್ಕಾಗಲ್ಲ" ಎಂದಳು.

ಆಗ ಬಂದ ಕೋಪ ಇಷ್ಟು ದಿನದ ಯಾವ ಕೋಪದ ಹಾಗೂ ಇರಲಿಲ್ಲ. "ಯಾವ ಜನ? ಜರಡಿ ಹಿಡ್ದು ಪುಡಿ ತೆಗ್ದು ಕೊಟ್ಟ ಜನನಾ? ಕೊಂದೋಳು ಇಲ್ ನಿಂತಿವ್ನಿ, ನನ್ ಜಾತಿ ಯಾವ್ದು ಅಂತ ಕೇಳು, ಕೇಳಮ್ಮಿ!" ಎಂದೆ. ಧ್ವನಿ ಡೇರಿಯ ಒಳಗಿನವರೆಗೂ ಕೇಳಿಸಿರಬೇಕು, ಹಾಲು ಅಳೆಯುವವನು ಹೊರಗೆ ಬಂದ. ಭಾನುಪ್ರಿಯಳಿಗೆ ಮೊಬೈಲು ತೆಗೆಸಿ, ಅಲ್ಲೇ ಮರಿಗಳ ಬುಟ್ಟಿಯ ಜೊತೆ ನಿಂತು, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ವಿಡಿಯೊ ಮಾಡಿಸಿದೆ. "ಮುಂದಕ್ ತಳ್ಳು, ನಿಂಗದು ಚೆನ್ನಾಗ್ ಬತ್ತದೆ" ಎಂದೆ. ತಳ್ಳಿದಳು. ಅದು ಮೊದಲಿನಷ್ಟು ದೂರ ಹೋಗುವುದಿಲ್ಲ ಎಂದು ನನಗೆ ಗೊತ್ತು.

ದಾರಿಯಲ್ಲಿ ಕೆಂಪರಾಜು ಬುಟ್ಟಿಯನ್ನು ನನ್ನ ತಲೆಯಿಂದ ಇಳಿಸಿ ತಾನು ಹೊತ್ತುಕೊಂಡ.

ಮಾರ್ಚ್ 9, ಭಾನುವಾರ

ಭಾವ ಅಳತೆ ಟೇಪು ಹಿಡಿದು ಬಂದ. "ಕೊಂದೋಳು ನಾನೇ ಅಂತ ನೀನೇ ಹೇಳ್ಬುಟ್ಟಲ್ಲಮ್ಮ. ಇನ್ನೇನ್ ಮಾತೈತೆ?"

ಬಾಗಿಲಲ್ಲಿ ಕೂರಲಿಲ್ಲ. ಮಾತು ಕೊಟ್ಟಿದ್ದೆ. ಪಕ್ಕಕ್ಕೆ ಸರಿದು ನಿಂತು, "ಚಪ್ಲಿ ಬುಟ್ಟು ಒಳೀಕ್ ಹೋಗಿ" ಎಂದೆ.

"ಹುಳ ಎಲ್ಲವೆ ಈಗ?"

"ಮರಿ ಅವೆ."

ಗೊಣಗುತ್ತಾ ಬಿಟ್ಟ. ಟೇಪಿನ ಇನ್ನೊಂದು ತುದಿಯನ್ನು ಕೆಂಪರಾಜು ಹಿಡಿದುಕೊಂಡು ಒಳಗೆ ನಡೆದ. ಗೋಡೆಯವರೆಗೆ ಹೋಗಲಿಲ್ಲ. ನಡುವಿನ ಕಂಬದ ಹತ್ತಿರ ನಿಂತುಬಿಟ್ಟ.

"ಇಲ್ಲಿಗಂಟ ಅಣ್ಣ."

"ಏನ್ಲಾ, ಪೂರ್ತಿ ಅಂದಿದ್ದೆ?"

"ಅರ್ಧ ಮರಿ ಸತ್ತೊ. ಅರ್ಧ ಶೆಡ್ಡು. ಮಿಕ್ಕಿದ್ದು ಅವುಳ್ದು."

ಸತ್ತದ್ದು ಅರ್ಧ ಅಲ್ಲ, ಐವತ್ತೊಂಬತ್ತು ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಒಂದು ತಿಂಗಳಿಗೆ ಅಷ್ಟು ಸತ್ಯ ಸಾಕು.

ಸಂಜೆ ಅವನೇ ಹಳೆಯ ಚಂದ್ರಿಕೆಗಳನ್ನು, ಹುಳ ಗೂಡು ಕಟ್ಟಲು ಬಿಡುತ್ತಿದ್ದ ಆ ಬಿದಿರು ತಟ್ಟೆಗಳನ್ನು, ಅಟ್ಟದಿಂದ ಇಳಿಸಿ ನಡುವೆ ಅಡ್ಡಗೋಡೆಯ ಹಾಗೆ ಕಟ್ಟಿದ. ಆ ಕಡೆಗೆ ಚಾಕಿ ಹುಳ, ಅಂದರೆ ಎಳೆ ಹುಳ, ಸಾಕುತ್ತಿದ್ದ ನನ್ನ ಮೂಲೆ ಹೋಯಿತು. ನೋಡಿ ಹೊಟ್ಟೆ ಉರಿಯಿತು. ಚಹಾ ಮಾಡಿ ಕೊಟ್ಟೆ. ಹಿಪ್ಪುನೇರಳೆ ಕಿತ್ತದ್ದನ್ನು ಮಾತ್ರ ಮರೆಯುವುದಿಲ್ಲ, ಕೆಂಪರಾಜು.

ಮಾರ್ಚ್ 16, ಭಾನುವಾರ

ಹೊಟ್ಟು ಮುಗಿಯುತ್ತಾ ಬಂದಿತ್ತು. ಫೋನು ಮಾಡಿ ಕೇಳಲು ಮುಖವಿರಲಿಲ್ಲ. ಮೊನ್ನೆ ಮಾಡಿದೆ. ಸಾಬರು ಆಗಲಿ ಅಂದರು, ಅಷ್ಟೇ.

ಇವತ್ತು ಹತ್ತು ಗಂಟೆಗೆ ಸ್ಕೂಟರು ಬಂತು. ಓಡಿಸುತ್ತಿದ್ದವಳು ಜಾರಾ. ಹಿಂದೆ ಗಫಾರ್ ಸಾಬರು ಎರಡು ಚೀಲ ತಬ್ಬಿ ಕೂತಿದ್ದರು. ನಾನು ಚೀಲಕ್ಕೆ ಕೈ ಹಾಕಲು ಹೋದೆ. ಜಾರಾ ಅಡ್ಡ ನಿಂತಳು.

"ಆಮೇಲೆ ಇಳುಸ್ತೀನಿ. ಮೊದ್ಲು ಒಳಗ್ ನೋಡ್ಬೇಕು."

"ಬ್ಯಾಡ ಬಿಡಮ್ಮ" ಎಂದರು ಅವಳಪ್ಪ.

"ಯಾಕ್ ಬೇಡ? ಇನ್ನೊಂದ್ಸಲ ಸತ್ರೆ ಯಾರ್ ಹೆಸ್ರು ಬರುತ್ತೆ?"

ಅವರ ಎಷ್ಟು ಬೊಂಬೆ ಈಗಲೂ ಡಬ್ಬದಲ್ಲೇ ಇದೆಯೋ ನಾನು ಕೇಳಲಿಲ್ಲ. ಬಾಗಿಲು ತೆಗೆದು ನಿಂತೆ. ಅವಳು ಯಾರೂ ಹೇಳದೆ ಚಪ್ಪಲಿ ಕಳಚಿಟ್ಟು ಒಳಗೆ ಹೋದಳು. ಕಿಟಕಿ ನೋಡಿದಳು. ಹಾಸಿಗೆಯನ್ನು ಹಿಡಿಯಷ್ಟು ಎತ್ತಿ ಹಿಂಡಿ ನೋಡಿದಳು. ಆಮೇಲೆ ಮಂಡಿಯೂರಿ, ದುಪಟ್ಟಾ ಹಿಂದಕ್ಕೆ ಹಾಕಿ, ಮರಿಗಳ ನಡುವೆ ಮುಖವನ್ನು ಹೊಟ್ಟಿಗೆ ತಾಗುವಷ್ಟು ಬಗ್ಗಿಸಿದಳು. ಒಂದು ಉಸಿರು. ಎರಡು. ಮೂರು. ನಾನು ಬಾಗಿಲ ಚಿಲಕ ಹಿಡಿದು ನಿಂತಿದ್ದೆ. ಮಾರ್ಕೆಟ್ಟಿನಲ್ಲಿ ನನ್ನ ಗೂಡು ಕೈಗೆತ್ತಿ ನೋಡುತ್ತಿದ್ದ ಯಾವ ರೀಲರಿನ ಮುಂದೆಯೂ ನಾನು ಹಾಗೆ ಹೆದರಿ ನಿಂತವಳಲ್ಲ.

"ಸರಿ ಐತೆ" ಎಂದಳು. ನನಗಲ್ಲ, ಕಪ್ಪು ಮರಿಗೆ.

ಹೊರಗೆ ಹೋಗಿ ಚೀಲದ ಒಂದು ತುದಿ ಹಿಡಿದಳು. ಇನ್ನೊಂದು ತುದಿ ನಾನು ಹಿಡಿದೆ. ಬೇಡ ಎನ್ನಲಿಲ್ಲ.

ಪುಸ್ತಕದ ಹಾಳೆಯ ಮೇಲೆ ಉಷ್ಣ, ತೇವ ಎಂದು ಅಚ್ಚಾಗಿದ್ದ ಕಡೆ ಗೀಟು ಹೊಡೆದಿದ್ದೇನೆ. ಸಂಜೆ ಬಗ್ಗಿ ನೋಡಿದೆ. ವಾಸನೆ ಇಲ್ಲ. ಮರಿ ನಲವತ್ತೊಂದು.